ಮಂಜಿನಂಗಳಗಳಿಗೆ ರೈಲುಪಯಣ

1905ನೆಯ ಇಸವಿಯ ಜನವರಿ 11ರಂದು ಕೆನಡಾ ದೇಶದ ರಾಜಧಾನಿಯಾದ ಒಟ್ಟಾವಾ ನಗರದಲ್ಲಿ ತರುಣರ ತಂಡವೊಂದು ರೈಲಿನಿಂದ ಇಳಿಯಿತು. ಅವರು ಹೊರಟು ಬಂದಿದ್ದುದು ಆ ದೇಶದ ವಾಯವ್ಯದ ಅಂಚಿನಲ್ಲಿ, ಚಿನ್ನದ ಗಣಿಗಳಿಂದ ಹೆಸರಾಗಿದ್ದ ಡಾಸನ್ ಸಿಟಿ ಎಂಬ ಊರಿನಿಂದ. ಊರು ಬಿಟ್ಟು ಅಂದಿಗೆ ಮೂರು ವಾರಗಳ ಮೇಲಾಗಿತ್ತು. ಮೊದಲ ಐನೂರಕ್ಕೂ ಹೆಚ್ಚು ಕಿಲೋಮೀಟರುಗಳನ್ನು ಅವರು ಸವೆಸಿದುದು ನಾಯಿಗಳು ಎಳೆಯುವ ಜಾರುಬಂಡಿಗಳೊಡನೆ, ಬೈಸಿಕಲ್ಲುಗಳ ಮೇಲೆ, ಅವೂ ಸಾಗದಾದಾಗ ಕಾಲ್ನಡಿಗೆಯಲ್ಲಿ. ಅಲ್ಲಿಂದ ಸಮುದ್ರತೀರಕ್ಕೆ ರೈಲಿತ್ತು. ಆದರೆ ಹಿಮ ಬಿದ್ದು ದಾರಿ ಮುಚ್ಚಿ ಗಾಡಿ ದಿನಗಟ್ಟಲೆ ನಿಂತುಬಿಟ್ಟಿತು. ರೇವನ್ನು ತಲಪುವ ಹೊತ್ತಿಗೆ, ಅವರು ಹತ್ತಬೇಕಾಗಿದ್ದ ಹಡಗು ಲಂಗರೆತ್ತಿ ಸುಮಾರು ಎರಡು ಗಂಟೆಯಾಗಿತ್ತು. ಬೇರೊಂದು ಹಡಗು ಹಿಡಿದು ಅಮೆರಿಕದ ಸಿಯಾಟಲ್ ನಗರವನ್ನು ಸೇರಿ, ಅಲ್ಲಿಂದ ವ್ಯಾಂಕೂವರಿಗೆ ಬಂದು, ಮತ್ತೆ ರೈಲಿನಲ್ಲಿ ಇಡೀ ಭೂಖಂಡವನ್ನು ದಾಟಿ ಅವರು ಒಟ್ಟಾವಾ ಸೇರಿದ್ದರು. ಒಟ್ಟು ದಾರಿ ಸುಮಾರು 6,400 ಕಿಲೋಮೀಟರು.

ಇಷ್ಟೆಲ್ಲ ಪಾಡು ಯಾತಕ್ಕಾಗಿ? ಒಂದು ಬೆಳ್ಳಿಯ ಬಟ್ಟಲಿಗಾಗಿ. ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟ ಆ ಬಟ್ಟಲೇ ಐಸ್ ಹಾಕಿಯ ಅತ್ಯುನ್ನತ ಬಹುಮಾನವಾದ ಸ್ಟ್ಯಾನ್ಲಿ ಕಪ್. ಕೆಲವು ದಿನ ಪಂದ್ಯವನ್ನು ಮುಂದೂಡಬೇಕೆಂಬ ಅವರ ಕೋರಿಕೆ ಫಲಿಸಲಿಲ್ಲ. ಜನವರಿ 13ರ ಮೊದಲ ಪಂದ್ಯದಲ್ಲಿ ಒಟ್ಟಾವಾ ತಂಡ 9 ಗೋಲು ಹೊಡೆದರೆ ಇವರು 2 ಹೊಡೆದರು. ಜನವರಿ 16ರ ಎರಡನೆಯ ಪಂದ್ಯದಲ್ಲಿ ಅವರದು 23, ಇವರದು ಮತ್ತೆ 2. ಆ ಇಪ್ಪತ್ತಮೂರರಲ್ಲಿ ಹದಿನಾಲ್ಕನ್ನು ಹೊಡೆದವನು ಫ್ರಾಂಕ್ ಮೆಗೀ ಎಂಬ ಒಬ್ಬನೇ ಆಟಗಾರ. ಅವನಿಗೆ ಒಂದು ಕಣ್ಣಿನ ದೃಷ್ಟಿ ಇರಲಿಲ್ಲ!

ಒಟ್ಟಾವಾ ತಂಡ ಬಲಶಾಲಿಯಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಕಥೆಯನ್ನು ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ತಪ್ಪಿಹೋದ ಆ ಹಡಗು, ಸಿಗದೆ ಹೋದ ಆ ವಿಶ್ರಾಂತಿಯ ದಿನಗಳು. ಪಂದ್ಯ ಯಾರಿಗೂ ಕಾಯುವುದಿಲ್ಲ. ದಾರಿ ಎಲ್ಲರನ್ನೂ ಕಾಯಿಸುತ್ತದೆ. ಇಂದು ಆಟವಾಡುವುದಕ್ಕಲ್ಲದೆ, ಕೇವಲ ನೋಡುವುದಕ್ಕಾಗಿ ರೈಲಿನಲ್ಲಿ ಕೆನಡಾ ದಾಟುವ ಉತ್ಸಾಹಿಗಳಿದ್ದಾರೆ. ಅವರು ಹೊರಡುವ ಮುನ್ನ ಮೊದಲು ಕಲಿಯಬೇಕಾದ ಪಾಠವೂ ಇದೇ.

ಆಟದ ಪರಿಚಯ

ಹಾಕಿ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಹಸಿರು ಬಯಲು. ಆ ನಾಡಿನಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಸುಮಾರು 61 ಮೀಟರು ಉದ್ದ, 26 ಮೀಟರು ಅಗಲದ ಹಿಮದ ಅಂಗಳ. ಸುತ್ತಲೂ ಮರದ ಹಲಗೆಯಂಥ ತಡೆಗೋಡೆ, ಅದರ ಮೇಲೆ ಗಾಜು. ಒಂದೊಂದು ಕಡೆಗೆ ಗೋಲುರಕ್ಷಕನೂ ಸೇರಿ ಆರು ಜನ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟುಗಳು. ಚೆಂಡಿನ ಬದಲು ಪಕ್ ಎಂಬ ಗಟ್ಟಿರಬ್ಬರಿನ ಬಿಲ್ಲೆ. ಮೂರು ಅಂಗುಲ ಅಡ್ಡಳತೆ, ಒಂದು ಅಂಗುಲ ದಪ್ಪ. ಪುಟಿಯಬಾರದೆಂದು ಅದನ್ನು ಆಟಕ್ಕೆ ಮುಂಚೆ ಶೀತಪೆಟ್ಟಿಗೆಯಲ್ಲಿಟ್ಟು ತಣಿಸಿರುತ್ತಾರೆ. ಇಪ್ಪತ್ತು ಇಪ್ಪತ್ತು ನಿಮಿಷಗಳ ಮೂರು ಅವಧಿಗಳು; ನಡುವಣ ವಿರಾಮಗಳಲ್ಲಿ ಯಂತ್ರವೊಂದು ಅಂಗಳವನ್ನು ಸುತ್ತಿ, ಗೀರುಬಿದ್ದ ಮೇಲ್ಮೈಯನ್ನು ಹೆರೆದು, ಬಿಸಿನೀರು ಹರಡಿ ಕನ್ನಡಿಯಂತೆ ಮಾಡುತ್ತದೆ. ಎಲ್ಲ ಸೇರಿ ಎರಡೂವರೆ ಗಂಟೆಯ ನೋಟ.

ಒಳಾಂಗಣದಲ್ಲಿ, ಕಟ್ಟುಪಾಡುಗಳೊಡನೆ ಏರ್ಪಡಿಸಿದ ಮೊದಲ ಪಂದ್ಯ ನಡೆದುದು 1875ರ ಮಾರ್ಚ್ 3ರಂದು, ಮಾಂಟ್ರಿಯಲ್ ನಗರದಲ್ಲಿ. ಇಂದಿನ ಮುಖ್ಯ ಸಂಸ್ಥೆಯಾದ ನ್ಯಾಷನಲ್ ಹಾಕಿ ಲೀಗ್ ಹುಟ್ಟಿದುದು 1917ರಲ್ಲಿ. ಅದರ 32 ತಂಡಗಳಲ್ಲಿ ಏಳು ಕೆನಡಾದವು, ಉಳಿದವು ಅಮೆರಿಕದವು.

ಹಳಿಯ ಮೇಲೆ ಬೆಳೆದ ಆಟ

ಈ ಆಟಕ್ಕೂ ರೈಲಿಗೂ ಹಳೆಯ ನಂಟು. 1942ರಿಂದ 1967ರವರೆಗೆ ಲೀಗಿನಲ್ಲಿದ್ದುದು ಆರೇ ತಂಡಗಳು: ಮಾಂಟ್ರಿಯಲ್, ಟೊರೊಂಟೊ, ಬಾಸ್ಟನ್, ನ್ಯೂಯಾರ್ಕ್, ಡೆಟ್ರಾಯಿಟ್ ಮತ್ತು ಷಿಕಾಗೊ. ಇವೆಲ್ಲ ಒಂದು ರಾತ್ರಿಯ ಅಥವಾ ಅದಕ್ಕಿಂತ ತುಸು ಹೆಚ್ಚಿನ ರೈಲುದಾರಿಯ ಊರುಗಳು. ಶನಿವಾರ ರಾತ್ರಿ ಒಂದೂರಿನಲ್ಲಿ ಆಡಿ, ರಾತ್ರಿಯ ಗಾಡಿ ಹತ್ತಿ, ಭಾನುವಾರ ಸಂಜೆ ಇನ್ನೊಂದೂರಿನಲ್ಲಿ ಆಡುವುದು ವಾಡಿಕೆಯಾಗಿತ್ತು. ಅಂಗಳದಲ್ಲಿ ಮೊಣಕೈ ತಾಗಿಸಿ ಜಗಳವಾಡಿದ ಎರಡು ತಂಡಗಳೂ ಒಮ್ಮೊಮ್ಮೆ ಒಂದೇ ಗಾಡಿಯ ಬೇರೆ ಬೇರೆ ಡಬ್ಬಿಗಳಲ್ಲಿ ಮಲಗಬೇಕಾಗುತ್ತಿತ್ತು. ವಿಮಾನಗಳು ಬಂದವು, 1967ರಲ್ಲಿ ತಂಡಗಳ ಸಂಖ್ಯೆ ಹನ್ನೆರಡಕ್ಕೇರಿ ಲೀಗ್ ಕ್ಯಾಲಿಫೋರ್ನಿಯದವರೆಗೆ ಹಬ್ಬಿತು. ಆಟಗಾರರು ರೈಲನ್ನು ಬಿಟ್ಟರು. ಪ್ರೇಕ್ಷಕನಿಗೆ ಮಾತ್ರ ಆ ದಾರಿ ಇನ್ನೂ ತೆರೆದೇ ಇದೆ.

ದಾರಿ ಯಾವುದು?

ಕೆನಡಾದ ಏಳು ತಂಡಗಳ ಊರುಗಳ ಪೈಕಿ ಆರಕ್ಕೆ ಇಂದಿಗೂ ವಿಯಾ ರೈಲ್ ಸಂಸ್ಥೆಯ ಗಾಡಿಗಳಲ್ಲಿ ಹೋಗಬಹುದು. ಪೂರ್ವದಲ್ಲಿ ಮಾಂಟ್ರಿಯಲ್, ಒಟ್ಟಾವಾ, ಟೊರೊಂಟೊ ನಗರಗಳ ನಡುವೆ ದಿನಕ್ಕೆ ಹಲವು ಗಾಡಿಗಳುಂಟು. ಮಾಂಟ್ರಿಯಲಿನಿಂದ ಟೊರೊಂಟೊಗೆ 539 ಕಿಲೋಮೀಟರು. ಐದು ಗಂಟೆಯ ಮೇಲಿಷ್ಟು ಹೊತ್ತು.

ಟೊರೊಂಟೊದಿಂದ ಪಶ್ಚಿಮಕ್ಕೆ ಹೋಗುವುದು 'ಕೆನೇಡಿಯನ್' ಎಂಬ ಹೆಸರಾಂತ ಗಾಡಿ. ವಿನ್ನಿಪೆಗ್, ಎಡ್ಮಂಟನ್ ನಗರಗಳನ್ನು ಹಾದು ವ್ಯಾಂಕೂವರಿಗೆ 4,466 ಕಿಲೋಮೀಟರು, ನಾಲ್ಕು ರಾತ್ರಿಗಳ ಪಯಣ. 1955ರ ಏಪ್ರಿಲ್ 24ರಂದು ಈ ಹೆಸರಿನ ಗಾಡಿ ಮೊದಲು ಹೊರಟಾಗ ಅದಕ್ಕಾಗಿಯೇ ತರಿಸಿದ್ದ, ತುಕ್ಕು ಹಿಡಿಯದ ಉಕ್ಕಿನ ಥಳಥಳಿಸುವ ಡಬ್ಬಿಗಳು ಇಷ್ಟು ವರ್ಷಗಳ ಮೇಲೂ ಈ ದಾರಿಯಲ್ಲಿ ದುಡಿದಿವೆ. ಛಾವಣಿಯ ಮೇಲೆ ಗಾಜಿನ ಗುಮ್ಮಟವಿರುವ ಡಬ್ಬಿಯಲ್ಲಿ ಕುಳಿತರೆ ಕಾಡು, ಹೆಪ್ಪುಗಟ್ಟಿದ ಸರೋವರ, ಬಿಳಿಯ ಬಯಲು, ಕಡೆಗೆ ರಾಕಿ ಪರ್ವತಗಳು ಎದುರೆದುರೇ ಸಾಗಿಬರುತ್ತವೆ.

ಏಳನೆಯ ಊರಾದ ಕ್ಯಾಲ್ಗರಿಯದೇ ತೊಡಕು. ಮೊದಲು ಕೆನೇಡಿಯನ್ ಗಾಡಿ ಹಾಯುತ್ತಿದ್ದುದು ಅಲ್ಲಿಂದಲೇ. 1990ರ ಜನವರಿಯಲ್ಲಿ ಗಾಡಿಗಳನ್ನು ಕಡಿಮೆ ಮಾಡಿದಾಗ ಅದನ್ನು ಉತ್ತರದ ಹಳಿಗೆ ತಿರುಗಿಸಲಾಯಿತು. ಕ್ಯಾಲ್ಗರಿಯ ಪಂದ್ಯ ನೋಡಲೇಬೇಕೆನ್ನುವವರು ಎಡ್ಮಂಟನ್ನಿನಲ್ಲಿ ಇಳಿದು ಸುಮಾರು 300 ಕಿಲೋಮೀಟರು ಬಸ್ಸಿನಲ್ಲಿ ಹೋಗಬೇಕು.

ಎರಡು ಜಾತಕಗಳ ಹೊಂದಾಣಿಕೆ

ಇಂಥ ಪಯಣದ ಏರ್ಪಾಡು ವಧೂವರರ ಜಾತಕ ಕೂಡಿಸಿದಂತೆಯೇ ಸರಿ. ಒಂದು ಕೈಯಲ್ಲಿ ಪಂದ್ಯಗಳ ಪಟ್ಟಿ, ಇನ್ನೊಂದರಲ್ಲಿ ರೈಲಿನ ವೇಳಾಪಟ್ಟಿ. ಲೀಗಿನ ಪಂದ್ಯಗಳು ಅಕ್ಟೋಬರಿನಿಂದ ಏಪ್ರಿಲಿನವರೆಗೆ ನಡೆಯುತ್ತವೆ. ಅವುಗಳ ಪಟ್ಟಿ ಸಾಮಾನ್ಯವಾಗಿ ಹಿಂದಿನ ಬೇಸಗೆಯಲ್ಲೇ ಹೊರಬೀಳುತ್ತದೆ. ಒಂದೊಂದು ತಂಡದ ಎಂಬತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಅರ್ಧದಷ್ಟು ಮಾತ್ರ ಸ್ವಂತ ಊರಿನಲ್ಲಿ. ಒಮ್ಮೊಮ್ಮೆ ತಂಡವು ವಾರಗಟ್ಟಲೆ ಪರಊರುಗಳಲ್ಲೇ ಸುತ್ತುತ್ತಿರುತ್ತದೆ. ಆದುದರಿಂದ 'ವಿನ್ನಿಪೆಗ್ಗಿಗೆ ಹೋದರೆ ವಿನ್ನಿಪೆಗ್ಗಿನ ಆಟ ಸಿಕ್ಕೇ ಸಿಗುತ್ತದೆ' ಎಂದು ನಂಬಿ ಹೊರಡುವುದು ಅವಿವೇಕ.

ರೈಲಿನ ಜಾತಕ ಇನ್ನೂ ಬಿಗಿ. ಇತ್ತೀಚಿನ ವರ್ಷಗಳಲ್ಲಿ ಕೆನೇಡಿಯನ್ ಗಾಡಿ ಟೊರೊಂಟೊ ಬಿಡುವುದು ವಾರಕ್ಕೆ ಎರಡೇ ಸಲ, ಬುಧವಾರ ಮತ್ತು ಭಾನುವಾರ. ಎಂದರೆ ನಡುವಣ ಒಂದು ಊರಿನಲ್ಲಿ ಇಳಿದರೆ ಮುಂದಿನ ಗಾಡಿ ಬರುವುದು ಮೂರು ಅಥವಾ ನಾಲ್ಕು ದಿನಗಳ ಮೇಲೆ. ಮೊದಮೊದಲು ಇದು ಅಡ್ಡಿಯೆಂದೇ ತೋರುತ್ತದೆ. ಯೋಚಿಸಿ ನೋಡಿದರೆ ಇದೇ ಅನುಕೂಲ: ಆ ಮೂರು ನಾಲ್ಕು ದಿನಗಳೊಳಗೆ ಆ ಊರಿನಲ್ಲಿ ಒಂದಾದರೂ ಪಂದ್ಯ ಬೀಳುವಂತೆ ವಾರವನ್ನು ಆರಿಸಿಕೊಂಡರಾಯಿತು.

ಒಂದು ಮಾದರಿಯನ್ನು ನೋಡಬಹುದು. ಗುರುವಾರ ಮಾಂಟ್ರಿಯಲಿನಲ್ಲಿ ಮೊದಲ ಪಂದ್ಯ. ಶುಕ್ರವಾರ ರೈಲಿನಲ್ಲಿ ಟೊರೊಂಟೊ. ಶನಿವಾರ ರಾತ್ರಿ ಅಲ್ಲಿ ಎರಡನೆಯ ಪಂದ್ಯ. ಶನಿವಾರದ ರಾತ್ರಿಗೂ ಹಾಕಿಗೂ ಕೆನಡಾದಲ್ಲಿ ಬಿಡಿಸಲಾಗದ ಸಂಬಂಧವುಂಟು. 1931ರಿಂದ ರೇಡಿಯೋದಲ್ಲಿ, 1952ರಿಂದ ಟೆಲಿವಿಷನ್ನಿನಲ್ಲಿ ಮನೆಮನೆಗಳು ಆ ರಾತ್ರಿ ಒಟ್ಟಿಗೆ ಕುಳಿತು ಆಟವನ್ನು ಅನುಭವಿಸಿವೆ. ಭಾನುವಾರ ಬೆಳಗ್ಗೆ ಕೆನೇಡಿಯನ್ ಗಾಡಿ. ಮಂಗಳವಾರ ಬೆಳಗ್ಗೆ ವಿನ್ನಿಪೆಗ್. ಬುಧವಾರ ಇಲ್ಲವೆ ಗುರುವಾರ ಮೂರನೆಯ ಪಂದ್ಯ. ಶುಕ್ರವಾರ ಬೆಳಗ್ಗೆ ಹಿಂದಿನಿಂದ ಬಂದ ಗಾಡಿಯನ್ನು ಹತ್ತಿದರೆ ಶನಿವಾರ ಬೆಳಗ್ಗೆ ಎಡ್ಮಂಟನ್. ಭಾನುವಾರದಿಂದ ಮಂಗಳವಾರದೊಳಗೆ ನಾಲ್ಕನೆಯ ಪಂದ್ಯ. ಬುಧವಾರ ಮತ್ತೆ ಗಾಡಿ, ಗುರುವಾರ ವ್ಯಾಂಕೂವರ್. ಶುಕ್ರವಾರ ಅಥವಾ ಶನಿವಾರ ಐದನೆಯದು. ಹದಿನೇಳು ದಿನ, ಐದು ಪಂದ್ಯ, ಸುಮಾರು 5,000 ಕಿಲೋಮೀಟರು. ಒಟ್ಟಾವಾವನ್ನೂ ಸೇರಿಸಬೇಕೆಂದರೆ ಎರಡು ದಿನ ಮುಂಚೆ ಹೊರಡಬೇಕು.

ಈ ಲೆಕ್ಕದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎಲ್ಲಿಯೂ ಗಾಡಿ ಇಳಿದ ದಿನವೇ ಪಂದ್ಯವಿಲ್ಲ. ಇದು ಆಕಸ್ಮಿಕವಲ್ಲ.

ಗಾಡಿ ತಡವಾಗುವುದೇಕೆ?

ವೇಳಾಪಟ್ಟಿಯಲ್ಲಿ ಅಚ್ಚಾದ ಹೊತ್ತಿಗೆ ಕೆನೇಡಿಯನ್ ಗಾಡಿ ಬರುತ್ತದೆಂದು ನಂಬಿದವರು ಪಶ್ಚಾತ್ತಾಪಪಟ್ಟುದುಂಟು. ಕಾರಣ ಸರಳವಾದುದು. ದಾರಿಯ ಬಹುಭಾಗದ ಹಳಿ ಪ್ರಯಾಣಿಕರ ಗಾಡಿಯ ಸಂಸ್ಥೆಗೆ ಸೇರಿದುದಲ್ಲ. ಅದು ಸರಕು ಸಾಗಿಸುವ ಕೆನೇಡಿಯನ್ ನ್ಯಾಷನಲ್ ಕಂಪನಿಯದು. ಹೆಚ್ಚಿನ ದೂರ ಒಂದೇ ಜೋಡಿ ಹಳಿ. ಎದುರು ಗಾಡಿ ಬಂದರೆ ಎರಡರಲ್ಲೊಂದು ಪಕ್ಕದ ಹಳಿಗೆ ಸರಿದು ದಾರಿ ಬಿಡಬೇಕು. ಇಂದಿನ ಸರಕುಗಾಡಿಗಳು ಮೂರು ಕಿಲೋಮೀಟರಿಗೂ ಮಿಗಿಲಾಗಿ ಬೆಳೆದಿರುವುದುಂಟು. ಅವು ಎಷ್ಟೋ ಕಡೆ ಪಕ್ಕದ ಹಳಿಯಲ್ಲಿ ಹಿಡಿಸುವುದೇ ಇಲ್ಲ. ಹೀಗಾಗಿ ಸರಿದು ನಿಲ್ಲುವ ಪಾಳಿ ಪ್ರಯಾಣಿಕರ ಗಾಡಿಗೆ! ಗೋಧಿಯೂ ಕಲ್ಲಿದ್ದಲೂ ಮುಂದೆ ಹೋಗುತ್ತವೆ, ಮನುಷ್ಯರು ಕಾಯುತ್ತಾರೆ. ತಡವು ಒಂದೆರಡು ಗಂಟೆಗಳಾಗಬಹುದು, ಅರ್ಧ ದಿನವೂ ಆಗಬಹುದು.

ಮಂಗಳವಾರ ಬೆಳಗ್ಗೆ ಬರಬೇಕಾದ ಗಾಡಿ ರಾತ್ರಿ ಬಂದರೆ, ಅದೇ ಸಂಜೆಯ ಪಂದ್ಯಕ್ಕೆ ಚೀಟಿ ಕೊಂಡವನ ಗತಿಯೇನು? ಖರ್ಚು ಮಾಡಿದ ಹಣ ಹೋದುದಷ್ಟೇ ಅಲ್ಲ. ಸಾವಿರಾರು ಕಿಲೋಮೀಟರು ಬಂದು, ಕಿಟಕಿಯ ಹೊರಗೆ ಕತ್ತಲನ್ನು ನೋಡುತ್ತ, 'ಈಗ ಆಟ ಮೊದಲಾಗಿರಬೇಕು, ಈಗ ವಿರಾಮವಾಗಿರಬೇಕು' ಎಂದು ಗಡಿಯಾರವನ್ನು ಎಣಿಸುವ ಸಂಕಟವಿದೆಯಲ್ಲ, ಅದನ್ನು ಯಾರೂ ಹಿಂದಿರುಗಿಸಿ ಕೊಡಲಾರರು. ಅದಕ್ಕಾಗಿಯೇ ಅನುಭವಸ್ಥರ ಕಟ್ಟುನಿಟ್ಟು: ಗಾಡಿ ಇಳಿಯುವ ದಿನಕ್ಕೂ ಪಂದ್ಯದ ದಿನಕ್ಕೂ ನಡುವೆ ಒಂದು ರಾತ್ರಿಯಾದರೂ ಇರಲಿ.

ಗಡಿಯಾರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಟೊರೊಂಟೊದಿಂದ ವ್ಯಾಂಕೂವರಿಗೆ ಹೋಗುವಾಗ ನಾಲ್ಕು ಕಾಲವಲಯಗಳು ಸಿಗುತ್ತವೆ; ಮೂರು ಬಾರಿ ಮುಳ್ಳನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ಪಂದ್ಯದ ಚೀಟಿಯಲ್ಲಿರುವುದು ಆಯಾ ಊರಿನ ವೇಳೆ. ಊರೂರಿಗೊಂದು ವೇಳೆ ಇದ್ದ ಆ ಖಂಡದಲ್ಲಿ ಇಂಥ ವಲಯಗಳನ್ನು 1883ರ ನವೆಂಬರ್ 18ರಂದು ಆಚರಣೆಗೆ ತಂದವರೂ ರೈಲ್ವೆಯವರೇ.

ನಿಲ್ದಾಣದಿಂದ ಅಂಗಳಕ್ಕೆ

ಊರು ಸೇರಿದರೆ ಕೆಲಸ ಮುಗಿಯಲಿಲ್ಲ; ನಿಲ್ದಾಣಕ್ಕೂ ಕ್ರೀಡಾಂಗಣಕ್ಕೂ ಇರುವ ದೂರ ಊರಿಗೊಂದು ಬಗೆ. ಟೊರೊಂಟೊದಲ್ಲಿ ಯೂನಿಯನ್ ಸ್ಟೇಷನ್ನಿಗೆ ಅಂಟಿಕೊಂಡಂತೆಯೇ ಕ್ರೀಡಾಂಗಣವಿದೆ. ಹೊರಗಿನ ಗಾಳಿ ಸೋಕದೆ ಒಳದಾರಿಯಲ್ಲೇ ಹೋಗಿಬರಬಹುದು. ಮಾಂಟ್ರಿಯಲಿನಲ್ಲಿಯೂ ಮುಖ್ಯ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಅಲ್ಲಿನ ಕ್ರೀಡಾಂಗಣ ಎದ್ದಿರುವುದೇ ವಿಂಡ್ಸರ್ ಸ್ಟೇಷನ್ ಎಂಬ ಹಳೆಯ ನಿಲ್ದಾಣದ ಮಗ್ಗುಲಲ್ಲಿ. ವಿನ್ನಿಪೆಗ್ಗಿನಲ್ಲಿ ನಡಿಗೆ ಸಾಧ್ಯ, ಆದರೆ ಜನವರಿಯಲ್ಲಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿ ಅಲ್ಲಿ ಸಾಮಾನ್ಯ. ಕಿವಿ ಮುಚ್ಚದೆ ಹೊರಡುವುದು ಸಾಹಸವೆನಿಸಲಾರದು, ಹುಚ್ಚೆನಿಸೀತು. ಎಡ್ಮಂಟನ್ನಿನ ನಿಲ್ದಾಣ ನಗರಮಧ್ಯದಿಂದ ದೂರ. ಟ್ಯಾಕ್ಸಿ ಹಿಡಿಯುವುದೇ ಲೇಸು. ವ್ಯಾಂಕೂವರಿನಲ್ಲಿ ನಗರದ ರೈಲಿನಲ್ಲಿ ಒಂದೇ ನಿಲ್ದಾಣದಷ್ಟು ದೂರ. ಒಟ್ಟಾವಾ ಮಾತ್ರ ವಿಪರೀತ: ರೈಲುನಿಲ್ದಾಣ ಊರಿನ ಪೂರ್ವಕ್ಕೆ, ಕ್ರೀಡಾಂಗಣ ಪಶ್ಚಿಮದ ಹೊರವಲಯದಲ್ಲಿ, ನಗರಮಧ್ಯದಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ.

ಮನೆಮಂದಿಯೊಡನೆ ಹೊರಟವರು ಮಲಗುವ ಡಬ್ಬಿಯಲ್ಲಿ ಜಾಗ ಹಿಡಿದರೆ ಊಟ ಉಪಾಹಾರಗಳೂ ಅದರ ದರದಲ್ಲೇ ಸೇರುತ್ತವೆ. ಕೈ ಬಿಗಿ ಹಿಡಿಯಬೇಕಾದವರಿಗೆ ಒರಗುವ ಕುರ್ಚಿಗಳುಂಟು. ಟೊರೊಂಟೊದಿಂದ ವಿನ್ನಿಪೆಗ್ಗಿಗೆ ಎರಡು ರಾತ್ರಿ ಕುಳಿತೇ ಹೋಗುವ ಶಕ್ತಿ ತಮಗಿದೆಯೇ ಎಂಬುದನ್ನು ಅವರವರೇ ತೀರ್ಮಾನಿಸಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಪಂದ್ಯ ಮುಗಿಯುವುದೆಂದು?

ತಡವಾಗುವುದು ಗಾಡಿಯೊಂದೇ ಅಲ್ಲ, ಒಮ್ಮೊಮ್ಮೆ ಆಟವೂ ಹೌದು. ಸಾಧಾರಣ ಪಂದ್ಯ ಸಮವಾದರೆ ಐದು ನಿಮಿಷದ ಹೆಚ್ಚುವರಿ ಆಟ, ಆಗಲೂ ತೀರದಿದ್ದರೆ ಒಬ್ಬೊಬ್ಬರಾಗಿ ಗೋಲಿಗೆ ಹೊಡೆತ; ಅಲ್ಲಿಗೆ ಮುಗಿಯಿತು. ಆದರೆ ಏಪ್ರಿಲಿನಿಂದ ನಡೆಯುವ ಸ್ಟ್ಯಾನ್ಲಿ ಕಪ್ ಪಂದ್ಯಗಳಲ್ಲಿ ಗೋಲು ಬೀಳುವವರೆಗೂ ಇಪ್ಪತ್ತು ಇಪ್ಪತ್ತು ನಿಮಿಷಗಳ ಅವಧಿಗಳನ್ನು ಆಡುತ್ತಲೇ ಇರಬೇಕು. 1936ರ ಮಾರ್ಚ್ 24ರ ರಾತ್ರಿ ಮಾಂಟ್ರಿಯಲಿನಲ್ಲಿ ಮೊದಲಾದ ಪಂದ್ಯವೊಂದು ಆರನೆಯ ಹೆಚ್ಚುವರಿ ಅವಧಿಯವರೆಗೆ ಬೆಳೆದು, ನಡುರಾತ್ರಿ ಕಳೆದು ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಡೆಟ್ರಾಯಿಟ್ ತಂಡ ಹೊಡೆದ ಒಂದೇ ಒಂದು ಗೋಲಿನಿಂದ ತೀರಿತು. ಅಂದಿನ ರಾತ್ರಿಯ ಗಾಡಿಗೆ ಚೀಟಿ ಕೊಂಡಿದ್ದವರು ಯಾರಾದರೂ ಇದ್ದಿದ್ದರೆ! ಅಲ್ಲದೆ, ಆ ಹಂತದಲ್ಲಿ ಯಾವ ತಂಡ ಯಾವ ಊರಿನಲ್ಲಿ ಆಡುವುದೆಂಬುದು ಮೊದಲೇ ತಿಳಿಯದು. ದೂರಪಯಣದ ಏರ್ಪಾಡಿಗೆ ನವೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳೇ ಯೋಗ್ಯ.

ಜಾತಕ ಹೊಂದದ ವಾರಗಳೂ ಇರುತ್ತವೆ. ಆಗ ದೊಡ್ಡ ಲೀಗನ್ನೇ ನೆಚ್ಚಿ ಕೂರಬೇಕಾಗಿಲ್ಲ. 2024ರ ಜನವರಿ 1ರಂದು ಆರಂಭವಾದ ಮಹಿಳೆಯರ ವೃತ್ತಿಪರ ಲೀಗಿನ ತಂಡಗಳು ಮಾಂಟ್ರಿಯಲ್, ಒಟ್ಟಾವಾ, ಟೊರೊಂಟೊಗಳಲ್ಲಿವೆ. 2025ರಲ್ಲಿ ವ್ಯಾಂಕೂವರಿಗೂ ಒಂದು ತಂಡ ಬಂದಿತು. ಹದಿನಾರರಿಂದ ಇಪ್ಪತ್ತರ ಹರೆಯದ ಹುಡುಗರ ತಂಡಗಳು ಸಸ್ಕಟೂನ್, ಕ್ಯಾಮ್‌ಲೂಪ್ಸ್‌ನಂಥ ದಾರಿಯ ಊರುಗಳಲ್ಲೂ ಉಂಟು. ಮಾಂಟ್ರಿಯಲಿನಿಂದ ಪೂರ್ವಸಮುದ್ರದ ಹ್ಯಾಲಿಫ್ಯಾಕ್ಸಿಗೆ 1,346 ಕಿಲೋಮೀಟರು ಹೋಗುವ, 1904ರಲ್ಲಿ ಆರಂಭವಾದ 'ಓಷನ್' ಗಾಡಿಯ ದಾರಿಯಲ್ಲಿ ಮಂಕ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ನಗರಗಳಲ್ಲಿ ಇಂಥ ಹುಡುಗರ ಆಟವನ್ನು ನೋಡಬಹುದು. ಅಲ್ಲಿ ಚೀಟಿಯ ಬೆಲೆ ಕಡಿಮೆ, ಉತ್ಸಾಹ ಕಡಿಮೆಯಲ್ಲ. ನಾಳಿನ ಹೆಸರಾಂತ ಆಟಗಾರ ಇಂದು ಅಲ್ಲೇ ಎಲ್ಲೋ ಬಿದ್ದು ಏಳುತ್ತಿರುತ್ತಾನೆ.

ಬಿಡುವಿನ ದಿನ

ಹಾಗಾದರೆ ಗಾಡಿ ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ, ಉಳಿದ ಆ ದಿನ ವ್ಯರ್ಥವೇ? ಎಂದಿಗೂ ಅಲ್ಲ. ಟೊರೊಂಟೊದ ನಿಲ್ದಾಣಕ್ಕೆ ಸಮೀಪದಲ್ಲೇ, 1885ರಲ್ಲಿ ಬ್ಯಾಂಕಿಗಾಗಿ ಕಟ್ಟಿದ ಸುಂದರ ಕಟ್ಟಡವೊಂದರಲ್ಲಿ ಹಾಕಿಯ ಕೀರ್ತಿಮಂದಿರವಿದೆ. ಲಾರ್ಡ್ ಸ್ಟ್ಯಾನ್ಲಿ ಕೊಟ್ಟ ಮೂಲ ಬಟ್ಟಲು ಇಂದು ಅಲ್ಲಿಯೇ, ಹಳೆಯ ಬ್ಯಾಂಕಿನ ಭದ್ರಕೋಣೆಯಲ್ಲಿ ನಿಂತಿದೆ. ಗಾತ್ರದಲ್ಲಿ ಅದು ಚಿಕ್ಕದು. ಡಾಸನ್ ಸಿಟಿಯ ತರುಣರು ನಾಯಿಬಂಡಿ ಹೂಡಿ ಹೊರಟುದು ಇಷ್ಟಕ್ಕೇ ಎಂದು ಅದರೆದುರು ನಿಂತವರಿಗೆ ಅಚ್ಚರಿಯಾಗದಿರದು. ವಿನ್ನಿಪೆಗ್ಗಿನ ನಿಲ್ದಾಣದ ಹಿಂದೆಯೇ ರೆಡ್ ಮತ್ತು ಅಸಿನಿಬೊಯಿನ್ ನದಿಗಳ ಸಂಗಮವುಂಟು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಸ್ಕೇಟಿನ ದಾರಿ ಮಾಡುತ್ತಾರೆ. ಅಜ್ಜಂದಿರೂ ಮೊಮ್ಮಕ್ಕಳೂ ಕೈಹಿಡಿದು ಅಲ್ಲಿ ಜಾರುವುದನ್ನು ಕಂಡವನಿಗೆ, ಈ ಆಟ ಆ ಜನಕ್ಕೆ ಯಾಕೆ ಇಷ್ಟು ಹತ್ತಿರವೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

1997ರಲ್ಲಿ ಡಾಸನ್ ಸಿಟಿಯ ಆಟಗಾರರು ಹಿರಿಯರ ಆ ದಾರಿಯನ್ನೇ ಮತ್ತೆ ಹಿಡಿದು ಒಟ್ಟಾವಾಕ್ಕೆ ಬಂದು, ಅಲ್ಲಿನ ಮಾಜಿ ಆಟಗಾರರೊಡನೆ ಪಂದ್ಯವಾಡಿದರು. ಈ ಸಲವೂ ಸೋಲೇ: ಎದುರಾಳಿಗಳದು 18, ಇವರದು ಸೊನ್ನೆ. ಅದರಿಂದ ಅವರ ಹೆಸರಿಗೇನೂ ಕುಂದಾಗಲಿಲ್ಲ. ಅಷ್ಟು ದೂರ ಬಂದುದೇ ದೊಡ್ಡದೆಂದು ಎಲ್ಲರೂ ಬಲ್ಲರು.

ಪ್ರೇಕ್ಷಕನ ಭಾಗ್ಯ ಆಟಗಾರನದಕ್ಕಿಂತ ಮಿಗಿಲು. ಅವನು ಸೋಲುವಂತಿಲ್ಲ, ತಡವಾಗಿ ಬರಬಾರದು ಅಷ್ಟೇ. 1905ರಲ್ಲಿ ಆ ತರುಣರು ಕೇಳಿಯೂ ಪಡೆಯದೆ ಹೋದ ಒಂದೆರಡು ದಿನಗಳನ್ನು ಇಂದಿನ ಪಯಣಿಗ ಯಾರನ್ನೂ ಕೇಳಬೇಕಾಗಿಲ್ಲ. ಹೊರಡುವ ಮೊದಲೇ, ತನ್ನ ಮನೆಯ ಮೇಜಿನ ಮೇಲೆ ಪಂಚಾಂಗ ಹರಡಿಕೊಂಡು, ತನಗೆ ತಾನೇ ಕೊಟ್ಟುಕೊಳ್ಳಬಹುದು.